‘ಎಲ್ಲವೂ ಕ್ಷೇಮ’ ಎಂದು ಬರೆದವನ ಮನೆಯಲ್ಲಿ ನಡೆದದ್ದು

ಶವಸಂಸ್ಕಾರದ ಆರಾಧನೆಯಲ್ಲಿ ಹಾಡುವ ಕ್ರೈಸ್ತ ಗೀತೆಗಳ ಪಟ್ಟಿ ಬಹಳ ಉದ್ದವೇನಲ್ಲ. ಇಂಗ್ಲಿಷಿನಲ್ಲಿ ಆರಾಧನೆ ನಡೆಯುವ ಕಡೆಗಳಲ್ಲಿ, ಬೆಂಗಳೂರಾಗಲಿ ಶಿಕಾಗೋ ಆಗಲಿ, ಆ ಪಟ್ಟಿಯಲ್ಲಿ ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ ಇದ್ದೇ ಇರುತ್ತದೆ. ‘ನನ್ನ ಆತ್ಮಕ್ಕೆ ಎಲ್ಲವೂ ಕ್ಷೇಮ’ ಎಂಬುದು ಅದರ ಪಲ್ಲವಿಯ ತಾತ್ಪರ್ಯ. ಹಾಡಿಗೆ ಮೊದಲು ಅದರ ಹಿನ್ನೆಲೆಯನ್ನು ಹೇಳುವುದು ಬೋಧಕರ ವಾಡಿಕೆ. ಶಿಕಾಗೋದ ಒಬ್ಬ ವಕೀಲ. ಮೊದಲು ಮಗ ತೀರಿಕೊಂಡ, ಆಮೇಲೆ ಬೆಂಕಿಯಲ್ಲಿ ಆಸ್ತಿ ಹೋಯಿತು, ಕೊನೆಗೆ ನಾಲ್ವರು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಅವರು ಮುಳುಗಿದ ಜಾಗವನ್ನು ತನ್ನ ಹಡಗು ದಾಟುತ್ತಿದ್ದಾಗ ಆತ ಕುಳಿತು ಈ ಹಾಡು ಬರೆದ. ಕೇಳಿದವರ ಕಣ್ಣು ತುಂಬುತ್ತದೆ, ಆರ್ಗನ್ ಶುರುವಾಗುತ್ತದೆ.

ಈ ಕಥೆಯಲ್ಲಿ ಸತ್ಯ ಸಾಕಷ್ಟಿದೆ. ಆದರೆ ಘಟನೆಗಳ ಕ್ರಮ ತಪ್ಪಿದೆ, ಮುಂದೆ ನಡೆದದ್ದು ಪೂರ್ತಿ ಬಿಟ್ಟುಹೋಗಿದೆ. ಬಿಟ್ಟುಹೋದ ಭಾಗವನ್ನು ಸೇರಿಸಿ ಓದಿದರೆ, ಬಾಯಿಪಾಠವಾಗಿದ್ದ ವಾಕ್ಯಗಳು ಸಾವು ಬಂದ ಮನೆಯಲ್ಲಿ ಹೇಗೆ ಬೇರೆಯೇ ಆಗಿಬಿಡುತ್ತವೆ ಎಂಬುದಕ್ಕೆ ಇಷ್ಟು ದಾಖಲೆಗಳಿರುವ ಪ್ರಕರಣ ಅಪರೂಪ.

ಹೊರೇಶಿಯೊ ಸ್ಪ್ಯಾಫರ್ಡ್ ಶಿಕಾಗೋದಲ್ಲಿ ಹೆಸರು ಮಾಡಿದ್ದ ವಕೀಲ, ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದ ಸಭೆಯ ಹಿರಿಯ, ಸುವಾರ್ತಾ ಪ್ರಸಂಗಿ ಡಿ. ಎಲ್. ಮೂಡಿಯ ಗೆಳೆಯ. ಹೆಂಡತಿ ಆ್ಯನಾ ನಾರ್ವೆಯ ಸ್ಟಾವಾಂಗರ್‌ನಲ್ಲಿ ಹುಟ್ಟಿ ಚಿಕ್ಕಂದಿನಲ್ಲಿ ಅಮೆರಿಕಕ್ಕೆ ಬಂದವಳು. 1871ರ ಅಕ್ಟೋಬರ್‌ನಲ್ಲಿ ಶಿಕಾಗೋವನ್ನು ಸುಟ್ಟ ಮಹಾಬೆಂಕಿ ಸುಮಾರು 300 ಜನರನ್ನು ಬಲಿ ತೆಗೆದುಕೊಂಡಿತು, ಲಕ್ಷದಷ್ಟು ಜನರನ್ನು ಬೀದಿಗೆ ತಂದಿತು. ಸ್ಪ್ಯಾಫರ್ಡ್ ಭೂಮಿಯ ಮೇಲೆ ಹೂಡಿದ್ದ ಹಣಕ್ಕೂ ಭಾರಿ ಪೆಟ್ಟು ಬಿತ್ತು. ಎರಡು ವರ್ಷದ ಬಳಿಕ ಕುಟುಂಬ ಯುರೋಪಿಗೆ ಹೊರಟಿತು. ವ್ಯವಹಾರದ ಕೆಲಸವೊಂದು ಅಡ್ಡ ಬಂದು ಆತ ಉಳಿದುಕೊಂಡ. ಆ್ಯನಾ, ಮಕ್ಕಳಾದ ಆ್ಯನಿ, ಮ್ಯಾಗಿ, ಬೆಸ್ಸಿ, ಟನೆಟಾ ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಕಿ ನ್ಯೂಯಾರ್ಕಿನಲ್ಲಿ ‘ವಿಲ್ ದು ಆವ್ರ್’ ಎಂಬ ಫ್ರೆಂಚ್ ಉಗಿಹಡಗು ಹತ್ತಿದರು. 1873ರ ನವೆಂಬರ್ 22ರ ನಸುಕಿಗೆ ಮುಂಚೆ ಅಟ್ಲಾಂಟಿಕ್ ನಡುವೆ ‘ಲಾಕ್ ಅರ್ನ್’ ಎಂಬ ಹಾಯಿಹಡಗು ಅದಕ್ಕೆ ಡಿಕ್ಕಿ ಹೊಡೆಯಿತು. ಹನ್ನೆರಡು ನಿಮಿಷದಲ್ಲಿ ಹಡಗು ಮುಳುಗಿತು. 226 ಜನ ಸತ್ತರು. ಎತ್ತಿಕೊಂಡಿದ್ದ ಕೂಸು ಟನೆಟಾಳನ್ನು ನೀರು ತಾಯಿಯ ತೋಳಿನಿಂದಲೇ ಕಿತ್ತುಕೊಂಡು ಹೋಯಿತು. ಪ್ರಜ್ಞೆ ತಪ್ಪಿ ತೇಲುತ್ತಿದ್ದ ಆ್ಯನಾಳನ್ನು ದೋಣಿಯವರು ಮೇಲೆತ್ತಿದರು. ಬದುಕುಳಿದವರನ್ನು ಇನ್ನೊಂದು ಹಡಗು ವೇಲ್ಸ್‌ನ ಕಾರ್ಡಿಫ್‌ಗೆ ತಂದು ಮುಟ್ಟಿಸಿತು.

ಅಲ್ಲಿಂದ ಆಕೆ ಗಂಡನಿಗೆ ಕಳಿಸಿದ ತಂತಿ ಈಗ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ‘ನಾನೊಬ್ಬಳೇ ಉಳಿದೆ’ ಎಂಬ ಅದರ ಮೊದಲ ಮಾತು ಲೋಕಪ್ರಸಿದ್ಧ. ಅದರ ಬೆನ್ನಿಗೇ ಇದ್ದ ‘ಏನು ಮಾಡಲಿ’ ಎಂಬ ಮಾತನ್ನು ಬೋಧಕರ ಪ್ರಸಂಗಗಳಲ್ಲಿ ಕೇಳುವುದು ಕಡಿಮೆ. ಮೊದಲನೆಯದು ಸುದ್ದಿ, ಎರಡನೆಯದು ಪ್ರಶ್ನೆ. ಸುದ್ದಿ ಪ್ರಸಂಗಕ್ಕೆ ಒದಗುತ್ತದೆ, ಪ್ರಶ್ನೆ ಒದಗುವುದಿಲ್ಲ.

ಇನ್ನು ಮೊದಲೇ ತೀರಿಕೊಂಡನೆಂದು ಹೇಳುವ ಮಗನ ವಿಷಯ. ಆ ಮಗ ಹುಟ್ಟಿದ್ದೇ 1875ರಲ್ಲಿ, ಹೆಣ್ಣುಮಕ್ಕಳು ಹೋದ ಮೇಲೆ. ಅವನ ಸಾವು 1880ರಲ್ಲಿ. ಅಂದರೆ ಹಾಡು ಬರೆಯುವಾಗ ಆ ಪೆಟ್ಟು ಇನ್ನೂ ಬಿದ್ದಿರಲಿಲ್ಲ. ಅದನ್ನು ಹಿಂದಕ್ಕೆ ತಳ್ಳಿ ಎಲ್ಲ ಸಾವುಗಳನ್ನೂ ಹಾಡಿಗೆ ಮುಂಚೆ ಪೇರಿಸಿಟ್ಟರೆ ಕೊನೆಯಲ್ಲಿ ಹಾಡು ಗೆಲ್ಲುತ್ತದೆ. ನಿಜವಾದ ಕ್ರಮದಲ್ಲಿ ಹಾಡು ನಡುವೆ ಬರುತ್ತದೆ, ಸಾವು ಮತ್ತೆ ಬರುತ್ತದೆ.

ಹಾಡು ಬರೆದದ್ದು ಯಾವಾಗ ಎಂಬುದಕ್ಕೂ ಎರಡು ಹೇಳಿಕೆಗಳಿವೆ. ಕಾರ್ಡಿಫ್‌ನ ತಂತಿ ಬಂದ ಮೇಲೆ ಹೆಂಡತಿಯನ್ನು ಕರೆತರಲು ಹೊರಟ ಹಡಗಿನಲ್ಲೇ ತಂದೆ ಬರೆದರು ಎಂದವಳು ಮಗಳು ಬರ್ತಾ. 1950ರಲ್ಲಿ ಪ್ರಕಟವಾದ ತನ್ನ ನೆನಪಿನ ಪುಸ್ತಕದಲ್ಲಿ ಹಾಗೆ ಹೇಳಿದ್ದಾಳೆ. ಆಕೆ ಹುಟ್ಟಿದ್ದು 1878ರಲ್ಲಿ. ಮೂಡಿಯ ಜೊತೆಗಾರ, ಗಾಯಕ ಐರಾ ಸ್ಯಾಂಕಿ ಹೇಳುವುದು ಬೇರೆ: 1876ರಲ್ಲಿ ತಾವು ಕೆಲವು ವಾರ ಸ್ಪ್ಯಾಫರ್ಡ್ ಮನೆಯಲ್ಲಿ ಉಳಿದುಕೊಂಡಿದ್ದಾಗ ಆತ ಮಕ್ಕಳ ನೆನಪಿಗೆ ಇದನ್ನು ಬರೆದ ಎಂದು. ಉಳಿದುಬಂದಿರುವ ಹಸ್ತಪ್ರತಿ ಇರುವುದು ಶಿಕಾಗೋದ ಬ್ರೆವೂರ್ಟ್ ಹೌಸ್ ಎಂಬ ಹೋಟೆಲಿನ ಕಾಗದದ ಮೇಲೆ. ಫಿಲಿಪ್ ಬ್ಲಿಸ್ ಅದಕ್ಕೆ ರಾಗ ಕಟ್ಟಿ, ಆ ರಾಗಕ್ಕೆ ಮುಳುಗಿದ ಹಡಗಿನ ಹೆಸರನ್ನೇ ಇಟ್ಟ. ಅದು ಅಚ್ಚಾದದ್ದು 1876ರಲ್ಲಿ. ಅದೇ ವರ್ಷದ ಡಿಸೆಂಬರ್ 29ರಂದು ಒಹಾಯೊದ ಆ್ಯಷ್ಟಬ್ಯುಲಾದಲ್ಲಿ ಸೇತುವೆ ಕುಸಿದು ರೈಲು ಕಂದಕಕ್ಕೆ ಬಿದ್ದಾಗ ಬ್ಲಿಸ್ ಮತ್ತು ಆತನ ಹೆಂಡತಿ ಸತ್ತರು. ಈ ಹಾಡಿನ ಸುತ್ತ ಸಾವು ಬೇಕಾದಷ್ಟಿದೆ. ಕಥೆಗಾರರು ಹೊಸದಾಗಿ ಏನನ್ನೂ ಸೇರಿಸಬೇಕಾಗಿರಲಿಲ್ಲ.

ನನಗೆ ಸ್ಯಾಂಕಿಯ ಮಾತೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ. ಹಡಗಿನಿಂದ ಸ್ಪ್ಯಾಫರ್ಡ್ ಬರೆದದ್ದು ಒಂದು ಪತ್ರವಂತೂ ಇದೆ. ಮಕ್ಕಳು ಮುಳುಗಿದ ಜಾಗವನ್ನು ಗುರುವಾರ ದಾಟಿದೆವು, ಅಲ್ಲಿ ನೀರು ಮೂರು ಮೈಲಿ ಆಳ, ಆದರೆ ನಮ್ಮ ಮಕ್ಕಳು ಅಲ್ಲಿದ್ದಾರೆಂದು ನಾನು ಯೋಚಿಸುವುದಿಲ್ಲ, ಆ ಕುರಿಮರಿಗಳು ಸುರಕ್ಷಿತವಾಗಿವೆ ಎಂಬುದು ಅದರ ಸಾರ. ಪತ್ರದಲ್ಲಿ ಆತ ಮಾಡುತ್ತಿರುವುದು ಒಂದೇ ಕೆಲಸ, ಮಕ್ಕಳನ್ನು ಮನಸ್ಸಿನಲ್ಲಿ ನೀರಿನಿಂದ ಎತ್ತುವುದು. ಹಾಡಿನ ಬಗೆ ಬೇರೆ. ಅದರ ಸಾಲುಸಾಲಿನಲ್ಲೂ ಸತ್ಯವೇದದ, ಅಂದರೆ ಬೈಬಲ್ಲಿನ, ವಾಕ್ಯಗಳು ಕೂತಿವೆ, ಮತ್ತು ಅವು ಸುಮ್ಮನೆ ಕೂತಿಲ್ಲ. ಮೂರು ವರ್ಷ ಆ ವಾಕ್ಯಗಳೊಂದಿಗೆ ಗುದ್ದಾಡಿದವನ ಕೈ ಅಲ್ಲಿ ಕಾಣುತ್ತದೆ.

ಪಲ್ಲವಿಯನ್ನೇ ನೋಡಿ. ಅದರ ಬೇರನ್ನು ಸತ್ಯವೇದದ ‘2 ಅರಸುಗಳು’ ಗ್ರಂಥದ 4ನೆಯ ಅಧ್ಯಾಯದಲ್ಲಿ ಗುರುತಿಸುವುದು ರೂಢಿ. ಶೂನೇಮ್ ಎಂಬ ಊರಿನ ಉಳ್ಳವರ ಮನೆಯ ಹೆಂಗಸು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿ ಮಂಚ, ಮೇಜು, ಕುರ್ಚಿ, ದೀಪ ಇಡಿಸುತ್ತಾಳೆ. ಮಕ್ಕಳಿಲ್ಲದ ಆಕೆಗೆ ಮಗ ಹುಟ್ಟುತ್ತಾನೆಂದು ಎಲೀಷ ಹೇಳುತ್ತಾನೆ, ಹುಟ್ಟುತ್ತಾನೆ. ಸುಗ್ಗಿಯ ಕಾಲದಲ್ಲಿ ಹುಡುಗ ತಂದೆಯಿದ್ದ ಹೊಲಕ್ಕೆ ಹೋಗಿ ‘ತಲೆ, ತಲೆ’ ಎನ್ನುತ್ತಾನೆ. ಆಳು ಅವನನ್ನು ಮನೆಗೆ ಹೊತ್ತು ತರುತ್ತಾನೆ. ಮಧ್ಯಾಹ್ನದವರೆಗೆ ತಾಯಿಯ ತೊಡೆಯ ಮೇಲಿದ್ದು ಸಾಯುತ್ತಾನೆ. ಆಕೆ ಅಳುವುದಿಲ್ಲ. ಹೆಣವನ್ನು ಪ್ರವಾದಿಯ ಮಂಚದ ಮೇಲೆ ಮಲಗಿಸಿ ಬಾಗಿಲು ಹಾಕಿಕೊಂಡು ಕತ್ತೆ ಏರಿ ಕರ್ಮೆಲ್ ಬೆಟ್ಟಕ್ಕೆ ಹೊರಡುತ್ತಾಳೆ. ದೂರದಿಂದಲೇ ಕಂಡ ಎಲೀಷ ತನ್ನ ಸೇವಕ ಗೇಹಜಿಯನ್ನು ಎದುರಿಗೆ ಓಡಿಸುತ್ತಾನೆ: ನೀನು ಕ್ಷೇಮವೇ, ಗಂಡ ಕ್ಷೇಮವೇ, ಮಗು ಕ್ಷೇಮವೇ ಎಂದು ಕೇಳು. ಆಕೆ ಅನ್ನುವುದು ಇಷ್ಟೇ: ‘ಕ್ಷೇಮ.’

ಭಾನುವಾರದ ಶಾಲೆಯಲ್ಲಿ ಇದನ್ನು ವಿಶ್ವಾಸದ ಪಾಠವೆಂದು ಕಲಿಸುತ್ತಾರೆ. ಮಗ ಸತ್ತರೂ ಧೃತಿಗೆಡಲಿಲ್ಲ, ಅದಕ್ಕೇ ಮಗ ಬದುಕಿದ. ಸಾವಿನ ಮನೆಯಿಂದ ಬಂದವರು ಇದೇ ಭಾಗವನ್ನು ಓದಿದರೆ ಕಣ್ಣು ಮುಂದಿನ ವಚನದ ಮೇಲೆ ನಿಲ್ಲುತ್ತದೆ. ಆಕೆ ಬಂದು ಎಲೀಷನ ಕಾಲು ಹಿಡಿಯುತ್ತಾಳೆ; ಗೇಹಜಿ ಆಕೆಯನ್ನು ತಳ್ಳಲು ಬರುತ್ತಾನೆ; ಎಲೀಷ ತಡೆಯುತ್ತಾನೆ. ಆಕೆಯನ್ನು ಬಿಡು, ಆಕೆಯ ಆತ್ಮ ಒಳಗೇ ಬೇಯುತ್ತಿದೆ, ಕರ್ತನು ಅದನ್ನು ನನಗೆ ಮರೆಮಾಡಿದ್ದಾನೆ ಎನ್ನುತ್ತಾನೆ. ಆಮೇಲೆ ಆಕೆ ಬಾಯಿ ಬಿಡುತ್ತಾಳೆ: ನಾನು ಮಗ ಬೇಕೆಂದು ಕೇಳಿದ್ದೆನೇ? ನನ್ನನ್ನು ಮರುಳು ಮಾಡಬೇಡ ಎಂದಿರಲಿಲ್ಲವೇ?

ಹಾಗಾದರೆ ಆ ‘ಕ್ಷೇಮ’ ಎಂಥದ್ದು? ಸೇವಕನಿಗೆ ಹೇಳಿ ಪ್ರಯೋಜನವಿಲ್ಲವೆಂದು ನುಂಗಿಕೊಂಡ ಉತ್ತರ. ಸಾವಿನ ಮನೆಗೆ ಬಂದ ಅರೆಪರಿಚಿತರು ‘ಹೇಗಿದ್ದೀರಿ’ ಎಂದಾಗ ಎಲ್ಲರೂ ಕೊಡುವ ಉತ್ತರ. ಒಂದು ವಚನದಲ್ಲಿ ಕ್ಷೇಮ ಎಂಬ ಮಾತು, ಅದರ ಪಕ್ಕದ ವಚನದಲ್ಲೇ ಬೇಯುತ್ತಿರುವ ಆತ್ಮ. ಸ್ಪ್ಯಾಫರ್ಡ್‌ನ ಪಲ್ಲವಿ ಇವೆರಡನ್ನೂ ತಂದು ಒಂದೇ ಸಾಲಿನಲ್ಲಿ ಕೂರಿಸುತ್ತದೆ: ಕ್ಷೇಮ, ನನ್ನ ಆತ್ಮಕ್ಕೆ. ಆತ ಇದನ್ನು ಬೇಕೆಂದೇ ಮಾಡಿದನೋ ಇಲ್ಲವೋ, ಅಧ್ಯಾಯವನ್ನು ತೆರೆದಿಟ್ಟುಕೊಂಡು ಹಾಡಿದವರಿಗೆ ಅದು ಹಾಗೆಯೇ ಕೇಳಿಸುತ್ತದೆ. ಶೂನೇಮಿನ ಹುಡುಗ ಆ ಅಧ್ಯಾಯದಲ್ಲೇ ಏಳು ಸಲ ಸೀನಿ ಕಣ್ಣು ತೆರೆದ. ಶಿಕಾಗೋದ ಮನೆಯಲ್ಲಿ ಅಧ್ಯಾಯದ ಕೊನೆ ಬರಲೇ ಇಲ್ಲ. ಸಾವು ಕಂಡವರು ಮಾಡುವ ಓದಿನ ಸ್ವಭಾವವೇ ಇದು ಎಂದು ನನ್ನ ಎಣಿಕೆ: ಅವರು ಕಥೆಯನ್ನು ಕೊನೆಯಿಂದ ನೋಡುವುದಿಲ್ಲ, ಅದರ ನಡುವೆ, ಬಾಗಿಲು ಹಾಕಿದ ಕೋಣೆಗೂ ಕರ್ಮೆಲ್ ಬೆಟ್ಟಕ್ಕೂ ಮಧ್ಯದ ದಾರಿಯಲ್ಲಿ ಇರುತ್ತಾರೆ.

ಇದು ಕ್ರೈಸ್ತರಿಗಷ್ಟೇ ಸೇರಿದ ಅನುಭವವೇನಲ್ಲ. ಹರೆಯದ ಮಗ ಅಪಘಾತದಲ್ಲಿ ಹೋದ ಮನೆಯಲ್ಲಿ ಕುಳಿತು ಗೀತೆಯ ಎರಡನೆಯ ಅಧ್ಯಾಯ ಕೇಳಿದವರಿಗೆ ಗೊತ್ತು, ‘ವಾಸಾಂಸಿ ಜೀರ್ಣಾನಿ’ ಬಂದಾಗ ಎದೆಯಲ್ಲಿ ಏನಾಗುತ್ತದೆಂದು. ಹಳೆಯ ಬಟ್ಟೆ ಬಿಟ್ಟು ಹೊಸದು ಉಡುವಂತೆ ಎನ್ನುತ್ತದೆ ಶ್ಲೋಕ. ಎಂಬತ್ತರ ಅಜ್ಜನಿಗೆ ಅದು ಸಮಾಧಾನ. ಕಾಲೇಜಿಗೆ ಹೋಗುತ್ತಿದ್ದ ಹುಡುಗನ ತಾಯಿಗೆ, ಅವನ ಅಂಗಿ ಜೀರ್ಣವಾಗಿರಲಿಲ್ಲವಲ್ಲ ಎಂಬ ಒಂದೇ ಯೋಚನೆ. ಗೀತೆಯನ್ನು ನೇರವಾಗಿ ಕೇಳಿಸಿಕೊಂಡ ಅರ್ಜುನನೇ ಯುದ್ಧದ ಹದಿಮೂರನೆಯ ದಿನ ಅಭಿಮನ್ಯು ಸತ್ತಾಗ ಕುಸಿದುಹೋದ. ಮುಂದೆ ಅಶ್ವಮೇಧಪರ್ವದಲ್ಲಿ, ಆಗ ನೀನು ಹೇಳಿದ್ದು ಮರೆತುಹೋಗಿದೆ ಎಂದು ಕೃಷ್ಣನಲ್ಲಿ ಒಪ್ಪಿಕೊಳ್ಳುತ್ತಾನೆ. ವ್ಯಾಸರು ಇದನ್ನು ಮುಚ್ಚಿಡಲಿಲ್ಲ ಎಂಬುದು ದೊಡ್ಡ ಮಾತು.

ಹಾಡಿನ ಮೊದಲ ಚರಣಕ್ಕೆ ಬರೋಣ. ನದಿಯಂಥ ಶಾಂತಿ ನನ್ನ ದಾರಿಯಲ್ಲಿ ಜೊತೆಗೆ ಬಂದರೂ, ಸಮುದ್ರದ ಅಲೆಗಳಂತೆ ದುಃಖ ಉರುಳಿದರೂ ಎಂದು ಅದು ಶುರುವಾಗುತ್ತದೆ. ಸಮುದ್ರ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ನದಿಯಂಥ ಶಾಂತಿ ಪ್ರವಾದಿ ಯೆಶಾಯನದು, ಆ ಗ್ರಂಥದಲ್ಲಿ ಎರಡು ಕಡೆ ಬರುತ್ತದೆ. 66ನೆಯ ಅಧ್ಯಾಯದಲ್ಲಿ, ಯೆರೂಸಲೇಮಿಗೆ ಶಾಂತಿಯನ್ನು ನದಿಯಂತೆ ಹರಿಸುವೆನು, ನಿಮ್ಮನ್ನು ತೊಡೆಯ ಮೇಲೆ ಆಡಿಸುವರು ಎಂಬ ಮಾತು. 48ನೆಯ ಅಧ್ಯಾಯದ ಮಾತು ಕಠಿಣ: ನೀನು ನನ್ನ ಆಜ್ಞೆಗಳಿಗೆ ಕಿವಿಗೊಟ್ಟಿದ್ದರೆ ನಿನ್ನ ಶಾಂತಿ ನದಿಯಂತೆಯೂ ನಿನ್ನ ನೀತಿ ಸಮುದ್ರದ ಅಲೆಗಳಂತೆಯೂ ಇರುತ್ತಿತ್ತು, ನಿನ್ನ ಸಂತಾನ ಮರಳಿನಂತೆ ಇರುತ್ತಿತ್ತು. ನದಿ, ಅಲೆ, ಸಂತಾನ ಮೂರೂ ಒಂದರ ಬೆನ್ನಿಗೆ ಒಂದು. ಚಿಕ್ಕಂದಿನಿಂದ ಇದನ್ನು ಓದಿಕೊಂಡು ಬಂದ ಸಭಾಹಿರಿಯನೊಬ್ಬ ನಾಲ್ಕು ಮಕ್ಕಳನ್ನು ಅಲೆಗೆ ಕೊಟ್ಟ ಮೇಲೆ ಈ ಪುಟ ತೆರೆದರೆ ಆಗುವುದೇನು? ಆಶೀರ್ವಾದವಾಗಿದ್ದದ್ದು ಆರೋಪವಾಗುತ್ತದೆ. ನೀನು ಕಿವಿಗೊಟ್ಟಿದ್ದರೆ.

ಈ ಆರೋಪವನ್ನು ಕೇಳಿಸಿಕೊಂಡ ಮೇಲಷ್ಟೇ ಹಾಡಿನ ಮೂರನೆಯ ಚರಣ ನನಗೆ ಅರ್ಥವಾಯಿತು. ಮೊದಲೆಲ್ಲ ಅದು ಎಲ್ಲಿಂದಲೋ ತಂದು ಅಂಟಿಸಿದಂತೆ ಕಾಣುತ್ತಿತ್ತು. ಮಕ್ಕಳ ನೆನಪಿನ ಹಾಡಿನಲ್ಲಿ ‘ನನ್ನ ಪಾಪ, ಒಂದು ಪಾಲಲ್ಲ, ಪೂರ್ತಿಯಾಗಿ ಶಿಲುಬೆಗೆ ಜಡಿಯಲ್ಪಟ್ಟಿದೆ’ ಎಂಬ ಮಾತಿಗೆ ಏನು ಕೆಲಸ? ಅಂದು ಸಭೆಗಳಲ್ಲಿ ಚಾಲ್ತಿಯಲ್ಲಿದ್ದ ಒಂದು ಲೆಕ್ಕಾಚಾರಕ್ಕೆ ಅದು ಉತ್ತರ. ಇಷ್ಟು ದೊಡ್ಡ ಶಿಕ್ಷೆ ಬಂದಿದೆಯೆಂದರೆ ಎಲ್ಲೋ ತಪ್ಪು ನಡೆದಿರಬೇಕು ಎಂಬುದು ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನನ್ನೇ ದೂರಿದ ಅವನ ಗೆಳೆಯರ ಕಾಲದಿಂದ ಬಂದ ತರ್ಕ. ಪಾಪದ ಲೆಕ್ಕ ಪೂರ್ತಿಯಾಗಿ ಶಿಲುಬೆಯ ಮೇಲೆ ಚುಕ್ತಾ ಆಗಿದ್ದರೆ ಮಕ್ಕಳ ಸಾವು ಅದರ ಬಾಕಿಯಾಗಲಾರದು. ಶಿಲುಬೆಗೆ ಜಡಿದದ್ದನ್ನು ಹೇಳುವ, ಸತ್ಯವೇದದ ಕೊಲೊಸ್ಸೆಯವರಿಗೆ ಬರೆದ ಪತ್ರದ ಮಾತೊಂದು ಇಲ್ಲಿ ತಂದೆಯೊಬ್ಬನ ವಕಾಲತ್ತಾಗಿದೆ. ಬರೆದವನು ವಕೀಲನೇ ಅಲ್ಲವೇ.

ಕೊನೆಯ ಚರಣದಲ್ಲಿ ಕರ್ತನ ಬರೋಣ, ಅಂದರೆ ಯೇಸುವಿನ ಎರಡನೆಯ ಆಗಮನ, ತುತ್ತೂರಿ, ಸುರುಳಿಯಂತೆ ಸರಿಯುವ ಮೋಡ. ಹಸ್ತಪ್ರತಿಯಲ್ಲಿ ಆ ಚರಣದ ಕಟ್ಟಕಡೆಯ ಸಾಲು ಈಗ ಹಾಡುವಂತೆ ಇಲ್ಲ. ‘ರಾತ್ರಿಯಲ್ಲಿ ಒಂದು ಹಾಡು, ಓ ನನ್ನ ಆತ್ಮವೇ’ ಎಂದಿದೆ. ರಾತ್ರಿಯ ಹಾಡು ಎಂಬುದು 77ನೆಯ ಕೀರ್ತನೆಯಲ್ಲಿ ಬರುವ ಮಾತು. ನಿದ್ದೆಯಿಲ್ಲದವನೊಬ್ಬ ದೇವರು ಕನಿಕರಿಸುವುದನ್ನು ಮರೆತನೋ ಎಂದು ನೇರವಾಗಿ ಕೇಳುವ ಕೀರ್ತನೆ ಅದು. ಅದರ ಕೊನೆಯ ಭಾಗದಲ್ಲಿ ದೇವರ ಮಾರ್ಗ ಸಮುದ್ರದಲ್ಲಿದೆ, ಹಾದಿ ಮಹಾಜಲದಲ್ಲಿದೆ, ಹೆಜ್ಜೆಗುರುತು ಕಾಣದು ಎಂದಿದೆ. ಇಸ್ರಾಯೇಲ್ಯರು ಕೆಂಪು ಸಮುದ್ರ ದಾಟಿದ ನೆನಪಿನ ಸಾಲುಗಳವು. ನೀರು ಸೀಳಿ ಜನ ಪಾರಾದ ಸಂತೋಷ. ಅದೇ ಸಾಲುಗಳು ಅಟ್ಲಾಂಟಿಕ್ ನಂತರ ಹೇಗೆ ಕೇಳಿಸಿರಬೇಕು? ಅಚ್ಚಿನಲ್ಲಿ ರಾತ್ರಿ ಹೋಗಿ ಪಲ್ಲವಿಯ ಮಾತೇ ಮರಳಿ ಬಂತು. ಗುಂಪಾಗಿ ಹಾಡಲು ಅದು ಸಲೀಸು, ಒಪ್ಪುತ್ತೇನೆ. ನನಗೆ ಮಾತ್ರ ಹಸ್ತಪ್ರತಿಯ ಸಾಲೇ ಇಷ್ಟ.

1880ರ ಫೆಬ್ರವರಿಯಲ್ಲಿ ನಾಲ್ಕು ವರ್ಷದ ಮಗ, ಅಪ್ಪನ ಹೆಸರನ್ನೇ ಇಟ್ಟಿದ್ದ ಹುಡುಗ, ಕೆಂಪುಜ್ವರದಿಂದ ಸತ್ತ. ಸಭೆಯಲ್ಲಿ ಪಿಸುಮಾತು ಎದ್ದಿತು, ಈ ಮನೆಯವರು ಮಾಡಿದ ಪಾಪವಾದರೂ ಏನೆಂದು. ಬರ್ತಾ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾಳೆ. ಅಷ್ಟು ಹೊತ್ತಿಗೆ ‘ಎಲ್ಲವೂ ಕ್ಷೇಮ’ ಅಚ್ಚಾಗಿ ಜನ ಹಾಡತೊಡಗಿ ನಾಲ್ಕು ವರ್ಷ. ಹಾಡು ಕೊಟ್ಟ ಉತ್ತರವನ್ನು ಹಾಡುತ್ತಿದ್ದವರೇ ಕೇಳಿಸಿಕೊಂಡಿರಲಿಲ್ಲ. ಸ್ಪ್ಯಾಫರ್ಡ್ ದಂಪತಿ ಈ ಸಲ ಸುಮ್ಮನಿರಲಿಲ್ಲ. ನಿತ್ಯನರಕದ ಬೋಧನೆಯನ್ನೇ ಆತ ಬಿಟ್ಟುಬಿಟ್ಟ. ಸಭೆಯೊಂದಿಗಿನ ಸಂಬಂಧ ಕಡಿದುಹೋಯಿತು. ಮನೆಯಲ್ಲೇ ಪ್ರಾರ್ಥಿಸುವ ಸಣ್ಣ ಗುಂಪು ಕಟ್ಟಿಕೊಂಡು 1881ರಲ್ಲಿ, ಶಿಕಾಗೋದಲ್ಲಿ ಸಾಲ ಬಾಕಿ ಇರುವಾಗಲೇ, ಅವರೆಲ್ಲ ಯೆರೂಸಲೇಮಿಗೆ ಹೊರಟುಹೋದರು. ಕರ್ತನ ಬರೋಣ ಸಮೀಪವಿದೆ, ಅದನ್ನು ಅಲ್ಲೇ ಕಾಯಬೇಕು ಎಂಬ ನಂಬಿಕೆ. ಹಾಡಿನ ಕೊನೆಯ ಚರಣ ಅವರಿಗೆ ವಿಳಾಸವಾಗಿಬಿಟ್ಟಿತು. ಅಲ್ಲಿ ಅವರ ವಸಾಹತಿಗೆ ‘ಅಮೆರಿಕನ್ ಕಾಲೊನಿ’ ಎಂದು ಹೆಸರಾಯಿತು. 1888ರಲ್ಲಿ ಮಲೇರಿಯದಿಂದ ಹೊರೇಶಿಯೊ ಅಲ್ಲೇ ತೀರಿಕೊಂಡ.

ಆ್ಯನಾಳ ದಾರಿ ಇನ್ನೂ ವಿಚಿತ್ರ. ಗಂಡ ತೀರಿದ ಮೇಲೆ ಕಾಲೊನಿಯ ಯಜಮಾನಿಕೆ ಆಕೆಯ ಕೈಗೆ ಪೂರ್ತಿ ಬಂತು. ಆಸ್ತಿ ಎಲ್ಲರದ್ದೂ ಒಂದೇ, ಗಂಡಹೆಂಡಿರು ಸಂಸಾರ ಮಾಡಬಾರದು, ಯುವಕರಿಗೆ ಮದುವೆ ಬೇಡ ಎಂಬ ಕಟ್ಟುಪಾಡುಗಳು ಬಹುಕಾಲ ನಡೆದವು. ದೇವರ ಸಂದೇಶ ತನ್ನ ಮೂಲಕ ಬರುತ್ತದೆ ಎಂಬಲ್ಲಿಗೆ ಮುಟ್ಟಿತು. ಕೆಲವರಿಗೆ ಆಕೆ ಮಹಾತಾಯಿ, ಕೆಲವರಿಗೆ ಸರ್ವಾಧಿಕಾರಿ. ಮಕ್ಕಳು ಸತ್ತ ಮನೆಯೆಲ್ಲ ಹೀಗಾಗುತ್ತದೆಂದು ಯಾರೂ ಹೇಳಲಾರರು. ಆದರೆ ‘ಏನು ಮಾಡಲಿ’ ಎಂದು ತಂತಿಯಲ್ಲಿ ಕೇಳಿದವಳಿಗೆ ಮುಂದಿನ ಐವತ್ತು ವರ್ಷ ಮಾಡಲು ಕೆಲಸ ಸಿಕ್ಕಿತು, ಮೊದಲ ಮಹಾಯುದ್ಧದ ಕಾಲದಲ್ಲಿ ಹಸಿದ ಯೆರೂಸಲೇಮಿಗೆ ಗಂಜಿಕೇಂದ್ರ ನಡೆಸಿದ್ದೂ ಸೇರಿ. ಆಕೆ ಸತ್ತದ್ದು 1923ರಲ್ಲಿ. ಗಂಡ ಹಾಡು ಬರೆದ, ಆಕೆ ಬರೆಯಲಿಲ್ಲ. ಕತ್ತಲಲ್ಲಿ ನೀರಿನೊಳಗಿದ್ದವಳು ಆಕೆ ಎಂಬುದನ್ನು ಹಾಡಿನ ಕಥೆ ಹೇಳುವವರು ನೆನಪಿಡುವುದು ಅಪರೂಪ.

ಈಗ ಅದೇ ಕಥೆ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹೇಳುವ ಸರಕಾಗಿದೆ. ಹೇಳುವವರ ಉದ್ದೇಶ ಒಳ್ಳೆಯದೇ. ಕೇಳುವ ತಾಯಿಗೆ ಅದು ಅಳತೆಗೋಲಾಗಿ ಮುಟ್ಟುತ್ತದೆ: ನಾಲ್ವರನ್ನು ಕಳೆದುಕೊಂಡವನೇ ಕ್ಷೇಮ ಎಂದನಂತೆ, ನನಗೇಕೆ ಆಗುತ್ತಿಲ್ಲ? ಮೊದಲ ಸಾಲು ಸಲೀಸಾಗಿ ಹಾಡಿ, ಪಲ್ಲವಿ ಬಂದಾಗ ತುಟಿ ಬಿಗಿಹಿಡಿದು ನಿಂತವರನ್ನು ನಾನು ಕಂಡಿದ್ದೇನೆ. ಸುತ್ತಲಿನವರು ಅದನ್ನು ದುಃಖ ಉಕ್ಕಿತೆಂದು ತಿಳಿಯುತ್ತಾರೆ. ಕೆಲವು ಸಲ ಅದು ಒಪ್ಪಿಗೆ ಇಲ್ಲವೆಂಬುದರ ಗುರುತೂ ಹೌದು. ಹಾಡಲಿ, ಬಿಡಲಿ, ಆ ಹಕ್ಕು ಅವರದು. ಕಥೆ ಹೇಳಲೇಬೇಕೆನ್ನುವ ಬೋಧಕರಲ್ಲಿ ನನ್ನ ಕೋರಿಕೆ ಇಷ್ಟೇ: ಹೇಳುವುದಾದರೆ 1880 ದಾಟಿ ಹೇಳಿ, ಪಿಸುಮಾತಾಡಿದವರನ್ನೂ ಬಿಡದೆ. ಅಷ್ಟಕ್ಕೆ ಸಮಯವಿಲ್ಲದಿದ್ದರೆ ಕಥೆ ಬಿಟ್ಟು 2 ಅರಸುಗಳು ನಾಲ್ಕನೆಯ ಅಧ್ಯಾಯ ಓದಿ, ಗೇಹಜಿಯನ್ನು ಎಲೀಷ ತಡೆಯುವ ವಚನದವರೆಗೂ ಓದಿ, ಆಮೇಲೆ ಆರ್ಗನ್ ಶುರುವಾಗಲಿ.